‘ಇಂಟರ್‌ವೆನ್ಷನ್’ ಎನ್ನುವುದನ್ನು ಅಂಗನವಾಡಿ ಕಾರ್ಯಕರ್ತೆಯರಿಗೆ ಹೇಗೆ ಹೇಳುವುದು?

ಹೇಮಾವತಿ ತೀರ

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯರ ತರಬೇತಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಂಗ್ಲಿಷ್ ಕರಡಿನ ಮೊದಲ ಪುಟದಲ್ಲೇ ‘ಇಂಟರ್‌ವೆನ್ಷನ್’ ಎಂಬ ಪದ ಒಂಬತ್ತು ಸಲ ಬಂದಿದೆ. ಕಬ್ಬಿಣಾಂಶದ ಮಾತ್ರೆ ಕೊಡುವುದೂ ಅದೇ, ಮನೆ ಭೇಟಿಯೂ ಅದೇ, ಬಾಲ್ಯವಿವಾಹ ತಡೆಯುವುದೂ ಅದೇ. ನಿಘಂಟು ನೋಡಿ ಎಲ್ಲ ಕಡೆ ‘ಮಧ್ಯಪ್ರವೇಶ’ ಎಂದು ಬರೆದೆ. ಕಳೆದ ವಾರ ಆ ಪುಟವನ್ನು ಓದಿ ಹೇಳುತ್ತಿದ್ದಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬರು ಕೈಯೆತ್ತಿ, ‘ಮೇಡಂ, ಮಧ್ಯಪ್ರವೇಶ ಎಂದರೆ ಜಗಳ ಬಿಡಿಸುವುದಲ್ಲವೇ? ನಾವು ಯಾರ ಜಗಳ ಬಿಡಿಸಬೇಕು?’ ಎಂದು ಕೇಳಿದರು. ಯಾರೂ ನಗಲಿಲ್ಲ. ಉಳಿದವರಿಗೂ ಅದೇ ಸಂದೇಹವಿತ್ತು.

ನನಗೆ ಒಂದು ಪದ ಬೇಕು. ಅದಕ್ಕಿಂತ ಮೊದಲು ಅರ್ಥ ಬೇಕು. ಆರೋಗ್ಯದಲ್ಲಿ, ಶಾಲೆಯಲ್ಲಿ, ಸರ್ಕಾರದ ಯೋಜನೆಗಳಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.

ಕರಡು ತಿದ್ದುವವನು

ಹದಿನೆಂಟು ವರ್ಷ ಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ನಮ್ಮಲ್ಲಿ ಈ ಪದ ದಿನವೂ ಬರುತ್ತದೆ, ದಿನವೂ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಬೇರೆಯವರ ದಾವೆಯಲ್ಲಿ ‘ನನ್ನ ಮಾತನ್ನೂ ಕೇಳಿ’ ಎಂದು ನ್ಯಾಯಾಲಯಕ್ಕೆ ಹೋದರೆ ಅದು ಮಧ್ಯಪ್ರವೇಶ ಅರ್ಜಿ. ರೂಪಾಯಿ ಕುಸಿಯುವಾಗ ರಿಸರ್ವ್ ಬ್ಯಾಂಕ್ ಡಾಲರ್ ಮಾರಿದರೆ ಅದೂ ಮಧ್ಯಪ್ರವೇಶ. 2025ರ ಬೇಸಿಗೆಯಲ್ಲಿ ಕೋಲಾರ ಭಾಗದ ತೋತಾಪುರಿ ಮಾವಿನ ಬೆಲೆ ನೆಲಕಚ್ಚಿದಾಗ ಬೆಳೆಗಾರರು ಕೇಳಿದ್ದು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯನ್ನು. ಒಂದು ದೇಶದ ಒಳವ್ಯವಹಾರಕ್ಕೆ ಇನ್ನೊಂದು ದೇಶ ಕೈಹಾಕಿದರೆ ನಾವು ‘ಹಸ್ತಕ್ಷೇಪ’ ಎನ್ನುತ್ತೇವೆ. ಆ ಪದದಲ್ಲೇ ದೂರು ಅಡಗಿದೆ. ಹೃದಯ ತಜ್ಞರು ರಕ್ತನಾಳದೊಳಗೆ ತೆಳುವಾದ ನಳಿಕೆ ತೂರಿಸಿ ಸ್ಟೆಂಟ್ ಹಾಕಿದರೆ ಅದಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು. ಅಲ್ಲಿ ನಾವು ಸುಮ್ಮನೆ ‘ಚಿಕಿತ್ಸೆ’ ಎಂದು ಬರೆದು ಮುಂದೆ ಹೋಗುತ್ತೇವೆ.

ನಿಮ್ಮ ಕೈಪಿಡಿಗೆ ‘ಮಧ್ಯಪ್ರವೇಶ’ ಒಗ್ಗುವುದಿಲ್ಲ. ಆ ಪದ ಕೇಳಿದೊಡನೆ ಕನ್ನಡಿಗನಿಗೆ ಎರಡು ಪಕ್ಷಗಳು ಕಾಣುತ್ತವೆ, ನಡುವೆ ಒಬ್ಬ ಪಂಚಾಯ್ತಿದಾರ ಕಾಣುತ್ತಾನೆ. ಆ ಕಾರ್ಯಕರ್ತೆ ಕೇಳಿದ್ದು ಸರಿಯಾಗಿಯೇ ಇದೆ.

ಮಲೆನಾಡ ವೈದ್ಯ

ಪದವನ್ನು ಸ್ವಲ್ಪ ಬದಿಗಿಡಿ ಮೇಡಂ. ಆರೋಗ್ಯ ಇಲಾಖೆಯಲ್ಲಿ ನಾವು ಅದನ್ನು ಹೇಗೆ ಬಳಸುತ್ತೇವೆ ಎಂಬುದನ್ನು ಮಂಗನ ಕಾಯಿಲೆಯ ಮೂಲಕ ಹೇಳುತ್ತೇನೆ. ಇದು ನಮ್ಮದೇ ನೆಲದ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಬೆನ್ನಿಗೇ ಜನರಿಗೆ ಜ್ವರ ಬಂತು. ಹಾಗಾಗಿ ವೈರಾಣುವಿಗೆ ಆ ಕಾಡಿನ ಹೆಸರೇ ನಿಂತಿತು. ಹರಡುವುದು ಉಣುಗಿನಿಂದ. ಚಳಿಗಾಲ ಕಳೆಯುವಾಗ ಶುರುವಾಗಿ ಮಳೆ ಹಿಡಿಯುವವರೆಗೆ ಅದರ ಕಾಲ.

ಈಗ ನೋಡಿ. ಉಣುಗು ಇದೆ, ಮಂಗವಿದೆ, ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರುವ ಹೆಂಗಸಿದ್ದಾಳೆ. ನಾವು ಯಾರೂ ಹೋಗದಿದ್ದರೆ ಉಣುಗು ಮಂಗವನ್ನು ಕಚ್ಚುತ್ತದೆ, ಮಂಗ ಸತ್ತಾಗ ಉಣುಗು ನೆಲಕ್ಕೆ ಉದುರುತ್ತದೆ, ತರಗೆಲೆಯೊಂದಿಗೆ ಆಕೆಯ ಕಾಲಿಗೆ ಹತ್ತುತ್ತದೆ. ಈ ಸರಪಳಿ ತನ್ನಷ್ಟಕ್ಕೆ ಸಾಗುತ್ತಿರುತ್ತದೆ. ಇದರ ಯಾವುದೋ ಒಂದು ಕೊಂಡಿಗೆ ಕೈಯಿಟ್ಟು ಬಿಡಿಸುವುದನ್ನು ನಾವು ಇಂಟರ್‌ವೆನ್ಷನ್ ಎನ್ನುತ್ತೇವೆ. ಸತ್ತ ಮಂಗ ಸಿಕ್ಕ ಜಾಗದ ಸುತ್ತ 50 ಮೀಟರ್‌ವರೆಗೆ ಮೆಲಾಥಿಯಾನ್ ಪುಡಿ ಎರಚುವುದು ಒಂದು ಕೊಂಡಿ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಡೇಪಾ ಎಣ್ಣೆ ಹಚ್ಚಿಕೊಳ್ಳುವುದು ಇನ್ನೊಂದು. ಲಸಿಕೆ ಮೂರನೆಯದಾಗಿತ್ತು.

ಲಸಿಕೆಯ ಕಥೆಯಲ್ಲಿ ನನಗೆ ಬಹಳ ನೋವಿದೆ. ಎರಡು ಡೋಸ್ ಪಡೆದವರಿಗೆ ಸುಮಾರು ಶೇ 62, ಬೂಸ್ಟರ್ ಕೂಡ ಪಡೆದವರಿಗೆ ಸುಮಾರು ಶೇ 83 ರಕ್ಷಣೆ ಸಿಗುತ್ತಿತ್ತು ಎಂದು 2005ರಿಂದ 2010ರವರೆಗಿನ ಅಂಕಿಗಳನ್ನು ಲೆಕ್ಕ ಹಾಕಿದ ಅಧ್ಯಯನ ತೋರಿಸಿತು. ಆದರೆ ಆ ಬೂಸ್ಟರ್ ತೆಗೆದುಕೊಳ್ಳುತ್ತಿದ್ದವರು ಯಾರು? ಸೂಜಿ ಚುಚ್ಚಿದ ಜಾಗ ಉರಿಯುತ್ತಿತ್ತು. ಒಂದು ತಿಂಗಳಿಗೆ ಎರಡನೆಯದು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಅದರ ಮೇಲೆ ವರ್ಷ ವರ್ಷವೂ. ನಾನು ಚುಚ್ಚುವ ಹೊತ್ತಿಗೆ ಅವರು ಗದ್ದೆಯಲ್ಲಿ ನಾಟಿ ಮಾಡುತ್ತಿರುತ್ತಿದ್ದರು, ಇಲ್ಲವೇ ಅಡಿಕೆಗೆ ಔಷಧಿ ಹೊಡೆಯುತ್ತಿರುತ್ತಿದ್ದರು. ಒಂದು ಊರಿನಲ್ಲಿ ಒಬ್ಬ ಅಜ್ಜ ನನಗೆ ತೋಳು ತೋರಿಸಿ, ‘ಡಾಕ್ಟರೇ, ಇದು ನೋಯುತ್ತಿದ್ದರೆ ನಾಳೆ ಕತ್ತಿ ಎತ್ತುವವರು ಯಾರು?’ ಎಂದು ಕೇಳಿದರು. ಬಾಟಲಿಯೊಳಗಿನ ಔಷಧಿಯನ್ನು ಮಾತ್ರ ಇಂಟರ್‌ವೆನ್ಷನ್ ಎಂದು ಎಣಿಸಿದ್ದು ನಮ್ಮ ತಪ್ಪು. ಆ ಅಜ್ಜನ ಒಂದು ದಿನದ ಕೂಲಿಯೂ ಅದರೊಳಗೇ ಬರಬೇಕಿತ್ತು. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಉಲ್ಬಣಿಸಿದಾಗ ಇದರ ಬೆಲೆ ಏನೆಂದು ಎಲ್ಲರಿಗೂ ಕಂಡಿತು. ಮುಂದೆ ಲಸಿಕೆಯ ಸಾಮರ್ಥ್ಯವೇ ಪರೀಕ್ಷೆಯಲ್ಲಿ ಸಾಬೀತಾಗದೆ 2022ರ ಹೊತ್ತಿಗೆ ಅದನ್ನು ಕೊಡುವುದೇ ನಿಂತುಹೋಯಿತು. ಹೊಸದರ ಕೆಲಸ ನಡೆದಿದೆ.

ಸಂಖ್ಯಾಶಾಸ್ತ್ರದ ಮೇಷ್ಟ್ರು

ಡಾಕ್ಟರ್ ಹೇಳಿದ ‘ನಾವು ಯಾರೂ ಹೋಗದಿದ್ದರೆ’ ಎಂಬ ಮೂರು ಪದಗಳನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ನನ್ನ ವಿಷಯದಲ್ಲಿ ಇಂಟರ್‌ವೆನ್ಷನ್ ಎಂಬುದರ ಜೀವ ಅಲ್ಲೇ ಇದೆ. ಮಾಡಿದ ಮೇಲೆ ಏನಾಯಿತು ಎಂದು ಹೇಳುವುದು ಸುಲಭ. ಮಾಡದಿದ್ದರೆ ಏನಾಗುತ್ತಿತ್ತು ಎಂಬುದು ಕಣ್ಣಿಗೆ ಕಾಣದು. ಅದನ್ನು ಕಾಣಿಸುವುದಕ್ಕಾಗಿಯೇ ಹೋಲಿಕೆಗೆ ಇನ್ನೊಂದು ಗುಂಪನ್ನು ಇಡುತ್ತೇವೆ.

1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾ ವೈದ್ಯ, ತಾಜಾ ಹಣ್ಣು ತರಕಾರಿ ಸಿಗದೆ ಬರುವ ಸ್ಕರ್ವಿ ಕಾಯಿಲೆ ಹಿಡಿದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ದಿನಕ್ಕೆ ಎರಡು ಕಿತ್ತಳೆ ಮತ್ತು ಒಂದು ನಿಂಬೆ, ಉಳಿದವರಿಗೆ ವಿನಿಗರ್, ಸಮುದ್ರದ ನೀರು ಮುಂತಾದವು. ಹಣ್ಣು ತಿಂದವರಲ್ಲಿ ಒಬ್ಬ ಆರೇ ದಿನದಲ್ಲಿ ಎದ್ದ, ಇನ್ನೊಬ್ಬನೂ ಬೇಗ ಚೇತರಿಸಿಕೊಂಡ. ಆದರೆ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಎಲ್ಲರಿಗೂ ಕೊಡಲು ತೀರ್ಮಾನಿಸಿದ್ದು 1795ರಲ್ಲಿ. ನಡುವಿನ 48 ವರ್ಷಗಳಲ್ಲಿ ಸತ್ತವರನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಇನ್ನೊಂದು, ಎಲ್ಲರಿಗೂ ಗೊತ್ತಿರುವ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪು. 1854ರ ಕಾಲರಾದಲ್ಲಿ, ಈ ಪಂಪಿನ ನೀರಿನಿಂದಲೇ ಕಾಯಿಲೆ ಎಂದು ವೈದ್ಯ ಜಾನ್ ಸ್ನೋ ಹೇಳಿದ್ದರಿಂದ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಿದರು, ಕಾಲರಾ ನಿಂತಿತು ಎಂದು ಪಾಠ ಮಾಡುತ್ತೇವೆ. ಆದರೆ ಆ ಹೊತ್ತಿಗೆ ಜನ ಬೀದಿ ಬಿಟ್ಟು ಓಡಿದ್ದರು, ಸಾವು ಆಗಲೇ ಇಳಿಯುತ್ತಿತ್ತು. ಹಿಡಿ ಕಳಚಿದ್ದರಿಂದಲೇ ನಿಂತಿತೇ ಎಂದು ನಿಶ್ಚಯವಾಗಿ ಹೇಳಲಾಗದು ಎಂದು ಸ್ನೋ ತಾನೇ ಒಪ್ಪಿಕೊಂಡ. ನೀರಿನಿಂದ ಕಾಲರಾ ಬರುತ್ತದೆ ಎಂಬ ಅವನ ಮಾತು ಸರಿಯಾಗಿತ್ತು. ಆ ಪ್ರಾಮಾಣಿಕತೆಗಾಗಿ ಅವನ ಮೇಲೆ ನನಗೆ ಇಮ್ಮಡಿ ಗೌರವ.

ನಲಿಕಲಿ ಮೇಷ್ಟ್ರು

ಶಾಲೆಯಲ್ಲಿ ನಾವು ಇದಕ್ಕೆ ‘ಪರಿಹಾರ ಬೋಧನೆ’ ಎನ್ನುತ್ತೇವೆ. ಹಿಂದುಳಿದ ಮಗುವಿಗೆ ಬೇರೆಯಾಗಿ ಕಲಿಸುವುದು. ಆ ಹೆಸರು ನನಗೆ ಪೂರ್ತಿ ಹಿಡಿಸುವುದಿಲ್ಲ, ಮಗುವೇ ಒಂದು ಸಮಸ್ಯೆ ಎಂಬಂತೆ ಕೇಳಿಸುತ್ತದೆ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾದಾಗ ತಿರುವು ಬೇರೆ ಕಡೆಯಿಂದ ಬಂತು. ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ಇಡೀ ಪಾಠಪುಸ್ತಕವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡುಗಳಿಗೆ ಇಳಿಸಿದರು. ಮಗು ತಾನು ನಿಂತಿರುವ ಮೆಟ್ಟಿಲಿನಿಂದ ಹತ್ತುತ್ತದೆ. ಹತ್ತು ದಿನ ಗೈರಾಗಿ ಬಂದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಬದಲಾದದ್ದು ತರಗತಿ, ಮಗುವಿಗೆ ಹಚ್ಚಿದ ಹಣೆಪಟ್ಟಿ ಬಿದ್ದುಹೋಯಿತು. ಇಂದು ರಾಜ್ಯದ ಎಷ್ಟೋ ಶಾಲೆಗಳಲ್ಲಿ ಕಾರ್ಡುಗಳು ಬೀರುವಿನೊಳಗೆ ಬೀಗ ಹಾಕಿಕೊಂಡಿವೆ ಎಂಬುದು ನನ್ನ ದುಃಖ. ಕೋಟೆಯಲ್ಲಿ ಅದನ್ನು ಶಿಕ್ಷಕರು ತಾವೇ ಕಟ್ಟಿಕೊಂಡಿದ್ದರು, ಉಳಿದವರಿಗೆ ಅದು ಸುತ್ತೋಲೆಯಾಗಿ ಬಂತು.

ಅಂಗನವಾಡಿ ಟೀಚರ್, 27 ವರ್ಷ

ನಾನು ಇಷ್ಟೆಲ್ಲ ಓದಿದವಳಲ್ಲ. ಆದರೆ ನಿಮ್ಮ ಕೈಪಿಡಿ ಬರುವುದು ನನ್ನಂತಹವರ ಕೈಗೆ, ಆದ್ದರಿಂದ ಬರೆಯುತ್ತಿದ್ದೇನೆ.

2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಬಂತು. ಬಸುರಿಯರೂ ಬಾಣಂತಿಯರೂ ಕೇಂದ್ರಕ್ಕೇ ಬಂದು ಮಧ್ಯಾಹ್ನದ ಬಿಸಿಯೂಟ ಮಾಡಬೇಕಿತ್ತು. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಮನೆಗೆ ಕೊಟ್ಟರೆ ಅದು ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಇಲ್ಲೇ ಕುಳಿತು ಉಂಡರೆ ಅವಳ ಹೊಟ್ಟೆಗೇ ಸೇರುತ್ತದೆ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಮ್ಮ ಊರಿನ ಬಾಣಂತಿ ಹೊಸಿಲು ದಾಟುವುದುಂಟೇ? ತಲೆಗೆ ಬಟ್ಟೆ ಕಟ್ಟಿ, ಹೊಗೆ ಹಾಕಿ, ಒಳಕೋಣೆಯಲ್ಲಿ ಮಲಗಿಸಿರುತ್ತಾರೆ. ಎರಡು ಗುಡ್ಡ ಇಳಿದು ಹತ್ತಿ ಬರಬೇಕಾದ ತುಂಬು ಬಸುರಿಯನ್ನು ಬಾ ಎಂದು ಕರೆಯಲು ನನಗೇ ಮನಸ್ಸು ಬರುತ್ತಿರಲಿಲ್ಲ. ಮೊದಲ ತಿಂಗಳುಗಳಲ್ಲಿ ಮಾಡಿದ ಸಾಂಬಾರು ಉಳಿಯುತ್ತಿತ್ತು. ಕೆಲವರ ಅತ್ತೆಯರು ಡಬ್ಬಿ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರು. ಡಬ್ಬಿಗೆ ಹಾಕಬಾರದು ಎಂಬುದು ಆಗಿನ ನಿಯಮ. ನಾನು ಹಾಕಿದ್ದೇನೆ. ಅದನ್ನು ಇಲ್ಲಿ ಬರೆಯಲು ನನಗೆ ಹೆದರಿಕೆಯಿಲ್ಲ.

ಇನ್ನು ಕಬ್ಬಿಣಾಂಶದ ಮಾತ್ರೆ. ಒಬ್ಬ ಹುಡುಗಿ, ಮೊದಲ ಬಸಿರು, ರಕ್ತ ಕಡಿಮೆ. ತಾಯಿ ಕಾರ್ಡಿನಲ್ಲಿ ಪ್ರತಿ ತಿಂಗಳೂ ಮಾತ್ರೆ ಕೊಟ್ಟಿದ್ದೇವೆ ಎಂದು ಬರೆದಿದೆ, ರಕ್ತ ಮಾತ್ರ ಏರುತ್ತಿಲ್ಲ. ಒಂದು ದಿನ ಅವರ ಮನೆಯಲ್ಲಿ ಅಕ್ಕಿ ಡಬ್ಬಿ ತೆಗೆದಾಗ ಅಕ್ಕಿಯ ನಡುವೆ ಕೆಂಪು ಮಾತ್ರೆಗಳ ಪಟ್ಟಿಗಳು ಕಂಡವು, ಒಂದೂ ಒಡೆದಿರಲಿಲ್ಲ. ನಾನು ಗದರಲಿಲ್ಲ. ಪಕ್ಕದಲ್ಲಿ ಕುಳಿತು ಕೇಳಿದೆ. ನುಂಗಿದರೆ ವಾಕರಿಕೆ, ಮಲ ಕಪ್ಪಗೆ ಹೋಗುತ್ತದೆ, ಮಗು ಕಪ್ಪಾಗುತ್ತದೆ ಎಂದು ಅತ್ತೆ ಹೇಳಿದ್ದಾರೆ. ಮೊದಲು ಸಿಕ್ಕ ಕೆಲವು ಮಾತ್ರೆಗಳನ್ನು ಅವಳು ಬೆಳಿಗ್ಗೆ ಬರಿಹೊಟ್ಟೆಗೆ ಚಹಾದೊಂದಿಗೆ ನುಂಗಿ, ಆಮೇಲೆ ಬಿಟ್ಟಿದ್ದಳಂತೆ. ರಾತ್ರಿ ಊಟವಾದ ಮೇಲೆ, ನಿಂಬೆರಸದ ನೀರಿನೊಂದಿಗೆ ತೆಗೆದುಕೋ, ಚಹಾದೊಂದಿಗೆ ಬೇಡ, ಮಲದ ಬಣ್ಣ ಹಾಗೆಯೇ ಬರುತ್ತದೆ, ಅದರಿಂದ ಏನೂ ಆಗುವುದಿಲ್ಲ ಎಂದೆ. ಆಮೇಲೆ ಅತ್ತೆಯೊಂದಿಗೆ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತ ಒಂದು ಗಂಟೆ ಕುಳಿತೆ. ಮಾತ್ರೆಯ ಮಾತು ಬಂದದ್ದು ಕೊನೆಯ ಹತ್ತು ನಿಮಿಷ. ಮರುದಿನದಿಂದ ಅವರೇ ಲೋಟದಲ್ಲಿ ನೀರು ಹಿಡಿದು ಸೊಸೆಗೆ ಕೊಡತೊಡಗಿದರು.

ರಿಜಿಸ್ಟರಿನಲ್ಲಿ ಅವರೆಕಾಯಿಗೆ ಕಾಲಂ ಇಲ್ಲ.

ಪೌಷ್ಟಿಕತೆ ವಿದ್ಯಾರ್ಥಿನಿ

ಟೀಚರ್, ನೀವು ಹೇಳಿದ್ದನ್ನು ಓದಿ ಮೈ ಜುಮ್ಮೆಂದಿತು. ನಾವು ಎಂ.ಎಸ್ಸಿ.ಯಲ್ಲಿ ಓದಿದ ಒಂದು ದೊಡ್ಡ ಪಾಠ ನಿಮ್ಮ ಅಂಗಳದಲ್ಲೇ ಇದೆ.

ತಮಿಳುನಾಡಿನಲ್ಲಿ 1980ರಿಂದ ವಿಶ್ವಬ್ಯಾಂಕ್ ನೆರವಿನ ಪೌಷ್ಟಿಕತೆ ಯೋಜನೆಯೊಂದು ನಡೆಯಿತು. ಮಕ್ಕಳನ್ನು ತಿಂಗಳು ತಿಂಗಳೂ ತೂಗುವುದು, ತೂಕ ಏರದ ಮಕ್ಕಳಿಗೆ ಪೂರಕ ಆಹಾರ, ತಾಯಂದಿರಿಗೆ ತಿಳಿವಳಿಕೆ. ತೀವ್ರ ಅಪೌಷ್ಟಿಕತೆ ಇಳಿಯಿತು. ಅದೇ ಮಾದರಿಯನ್ನು 1995ರಲ್ಲಿ ಬಾಂಗ್ಲಾದೇಶಕ್ಕೆ ಕೊಂಡೊಯ್ದರು. ಅಲ್ಲಿ ನಿರೀಕ್ಷಿಸಿದ ಫಲ ಬರಲಿಲ್ಲ. ಏಕೆ ಎಂದು ಹುಡುಕಿದವರಿಗೆ ಕಂಡದ್ದು ಇದು: ತಿಳಿವಳಿಕೆ ಕೊಟ್ಟದ್ದು ತಾಯಿಗೆ, ಆದರೆ ಅಲ್ಲಿನ ಹಳ್ಳಿಗಳಲ್ಲಿ ಸಂತೆಗೆ ಹೋಗಿ ಸಾಮಾನು ತರುವವನು ಗಂಡ, ಕೂಡುಮನೆಯಲ್ಲಿ ಯಾರ ತಟ್ಟೆಗೆ ಎಷ್ಟು ಎಂದು ಬಡಿಸುವವಳು ಅತ್ತೆ. ಪೂರಕ ಆಹಾರ ಸಿಕ್ಕ ಮಗುವಿಗೆ ಮನೆಯ ಊಟದಲ್ಲಿ ಅಷ್ಟು ಕಡಿಮೆಯಾಯಿತು, ಅಥವಾ ಅದು ಬೇರೆಯವರ ಪಾಲಾಯಿತು. ತಾಯಿಗೆ ಎಲ್ಲ ಗೊತ್ತಿತ್ತು, ಆದರೆ ಸೌಟು ಅವಳ ಕೈಯಲ್ಲಿರಲಿಲ್ಲ.

ಮಲೆನಾಡ ವೈದ್ಯ

ಇದಕ್ಕೆ ಬೆಸೆದುಕೊಂಡ ಒಂದು ಮಾತು. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತಿತ್ತು. ವೈದ್ಯ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲುಕೋಸ್, ಅಡುಗೆ ಸೋಡಾ ಬೆರೆಸಿದ ಪೊಟ್ಟಣಗಳನ್ನು ಮಾಡಿಸಿ, ನೀರಿನಲ್ಲಿ ಕರಗಿಸಿ, ಕುಡಿಸುವ ಕೆಲಸವನ್ನು ರೋಗಿಯ ಮನೆಯವರಿಗೇ ಒಪ್ಪಿಸಿದರು. ಸಾವಿನ ಪ್ರಮಾಣ ಶೇ 30ರ ಆಸುಪಾಸಿನಿಂದ ಶೇ 3.6ಕ್ಕೆ ಇಳಿಯಿತು. ಓಆರ್‌ಎಸ್ ಎಂದು ಈಗ ಪ್ರತಿ ಔಷಧಿ ಅಂಗಡಿಯಲ್ಲಿ ಸಿಗುವುದು ಅದರದೇ ಸುಧಾರಿಸಿದ ರೂಪ. 2022ರಲ್ಲಿ ಅವರು ತೀರಿಕೊಂಡ ಮೇಲೆ ಪದ್ಮವಿಭೂಷಣ ಬಂತು, ಬದುಕಿರುವಾಗಲೇ ಬರಬೇಕಿತ್ತು. ಅಲ್ಲಿ ಲೋಟ ಮತ್ತು ಚಮಚ ಹಿಡಿದ ಕೈ ತಾಯಿಯದು, ಅಣ್ಣನದು, ಅಜ್ಜಿಯದು.

ಸಂಖ್ಯಾಶಾಸ್ತ್ರದ ಮೇಷ್ಟ್ರು

ಒಂದು ಎಚ್ಚರಿಕೆಯ ಕಥೆಯನ್ನೂ ಸೇರಿಸಬೇಕು. 1939ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 506 ಹುಡುಗರನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಮಾತ್ರ ನೆರವು ಕೊಟ್ಟರು. ಮನೆಗೆ ಬರುವ ಸಲಹೆಗಾರ, ಮನೆಪಾಠ, ಬೇಸಿಗೆ ಶಿಬಿರ, ಬೇಕಾದರೆ ವೈದ್ಯರು. ಮಕ್ಕಳು ಅಪರಾಧದ ದಾರಿ ಹಿಡಿಯದಿರಲಿ ಎಂಬ ಒಳ್ಳೆಯ ಮನಸ್ಸು. ಸುಮಾರು 30 ವರ್ಷಗಳ ನಂತರ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನೆಲ್ಲ ಹುಡುಕಿ ನೋಡಿದಾಗ, ನೆರವು ಪಡೆದವರಲ್ಲೇ ಹೆಚ್ಚು ಮಂದಿ ಮದ್ಯವ್ಯಸನಿಗಳಾಗಿದ್ದರು, ಬೇಗ ಸತ್ತವರೂ ಅವರಲ್ಲೇ ಹೆಚ್ಚು. ಅವರಲ್ಲಿ ಬಹುಪಾಲು ಜನ ಮಾತ್ರ ‘ನಮಗೆ ಬಹಳ ಉಪಯೋಗವಾಯಿತು’ ಎಂದೇ ಹೇಳಿದರು. ಫಲಾನುಭವಿಗಳ ಮೆಚ್ಚುಗೆಯ ಮಾತನ್ನು ಮಾತ್ರ ವರದಿಗೆ ಅಂಟಿಸುವ ಎಲ್ಲರೂ ಇದನ್ನು ಓದಬೇಕು.

ಮೈಸೂರಿನ ತಾಯಿ

ಮೇಷ್ಟ್ರೇ, ನಿಮ್ಮ ಕಥೆ ನಿಜವಿರಬಹುದು. ಆದರೆ ಅದನ್ನು ಓದಿ ಯಾರಾದರೂ ‘ಹಾಗಾದರೆ ಸುಮ್ಮನಿರೋಣ’ ಎಂದುಕೊಂಡರೆ ನನಗೆ ತಡೆಯಲಾಗದು.

ನನ್ನ ಮಗ ಹುಟ್ಟಿದಾಗ ನಾವಿದ್ದ ಊರಿನ ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಮಾಡಲಿಲ್ಲ. ಎಂಟು ತಿಂಗಳಾದಾಗ ಅಡುಗೆಮನೆಯಲ್ಲಿ ಸ್ಟೀಲ್ ಪರಾತ ಕೈತಪ್ಪಿ ಬಿತ್ತು. ಪಕ್ಕದ ಮನೆಯ ನಾಯಿ ಬೊಗಳಿತು. ನನ್ನ ಬೆನ್ನ ಹಿಂದೆ ಚಾಪೆಯ ಮೇಲೆ ಆಡುತ್ತಿದ್ದ ಮಗು ತಿರುಗಿ ನೋಡಲಿಲ್ಲ. ತೋರಿಸಿದ ವೈದ್ಯರು, ‘ಗಂಡು ಮಕ್ಕಳು ತಡವಾಗಿ ಮಾತಾಡುತ್ತಾರೆ, ಕಾಯಿರಿ’ ಎಂದರು. ಮನೆಯ ಹಿರಿಯರೂ ಅದನ್ನೇ ಹೇಳಿದರು. ಕಾಯ್ದೆವು. ಎರಡು ವರ್ಷ ಮೂರು ತಿಂಗಳಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಬಂದೆವು. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣಯಂತ್ರವೋ ತರಬೇತಿಯೋ ಶುರುವಾಗಬೇಕು ಎಂಬ ಲೆಕ್ಕವನ್ನು ನಾನು ಕೇಳಿದ್ದು ಅಲ್ಲಿ. ನಾವು ಕಳೆದುಕೊಂಡ ತಿಂಗಳುಗಳನ್ನು ಬೆರಳು ಮಡಚಿ ಎಣಿಸಿದೆ.

ಅಲ್ಲಿ ನನಗೂ ಕಲಿಸಿದರು. ಮಗುವಿನ ಮುಖಕ್ಕೆ ಮುಖ ಕೊಟ್ಟು ಮಾತಾಡು, ಅಕ್ಕಿ ತೊಳೆಯುವಾಗ ಹೇಳುತ್ತಾ ತೊಳೆ, ಬಟ್ಟೆ ಮಡಚುವಾಗ ಹೇಳುತ್ತಾ ಮಡಚು ಎಂದರು. ಈಗ ಅವನಿಗೆ ಒಂಬತ್ತು ವರ್ಷ, ಜಗಳವಾಡುವಷ್ಟು ಮಾತಾಡುತ್ತಾನೆ. ‘ಕಾಯಿರಿ’ ಎಂದವರು ತಾವು ಏನೂ ಮಾಡಲಿಲ್ಲ ಎಂದುಕೊಂಡಿರಬಹುದು. ಮಾಡದಿದ್ದರೆ ಏನಾಗುತ್ತಿತ್ತು ಎಂದು ಕೇಳುತ್ತೀರಲ್ಲ ಮೇಷ್ಟ್ರೇ, ಬೇಗ ಮಾಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯೊಂದಿಗೆ ನಾನು ಪ್ರತಿ ರಾತ್ರಿ ಮಲಗುತ್ತೇನೆ.

ಸಂಖ್ಯಾಶಾಸ್ತ್ರದ ಮೇಷ್ಟ್ರು

ಅಮ್ಮಾ, ನೀವು ಹೇಳಿದ್ದನ್ನು ಒಪ್ಪುತ್ತೇನೆ. ನಾನು ಬರೆದದ್ದರಲ್ಲಿ ಆ ಪ್ರಶ್ನೆ ಇರಲಿಲ್ಲ, ಇರಬೇಕಿತ್ತು.

ಕರಡು ತಿದ್ದುವವನು

ಇಷ್ಟೆಲ್ಲ ಓದಿದ ಮೇಲೆ ನನ್ನ ಸಲಹೆ: ಒಂದೇ ಪದದ ಹಟ ಬಿಡಿ. ಮಾತ್ರೆ ಕೊಡುವಲ್ಲಿ ‘ಮಾತ್ರೆ ಕೊಡುವುದು’ ಎಂದೇ ಬರೆಯಿರಿ, ಬಾಲ್ಯವಿವಾಹದಲ್ಲಿ ‘ತಡೆಯುವುದು’. ಎಲ್ಲವನ್ನೂ ಒಟ್ಟಿಗೆ ಹೇಳಬೇಕಾದಲ್ಲಿ ‘ನಾವು ಕೈಗೊಳ್ಳುವ ಕ್ರಮ’ ಸಾಕು. ‘ಮಧ್ಯಪ್ರವೇಶ’ವನ್ನು ನ್ಯಾಯಾಲಯಕ್ಕೂ ರಿಸರ್ವ್ ಬ್ಯಾಂಕಿಗೂ ಬಿಟ್ಟುಕೊಡಿ.

ಹೇಮಾವತಿ ತೀರ

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಕುಳಿತು ಮೊದಲ ಪುಟವನ್ನು ಮತ್ತೆ ಬರೆದೆ. ಒಂಬತ್ತು ಕಡೆಯಿದ್ದ ಪದ ಈಗ ಎಲ್ಲಿಯೂ ಇಲ್ಲ. ಶುರುವಿನ ಭಾಗ ಹೀಗಿದೆ, ನೋಡಿ ತಿದ್ದಿ:

‘ಒಂದು ಮನೆಯಲ್ಲಿ ಬಸುರಿಗೆ ರಕ್ತ ಕಡಿಮೆಯಿದೆ. ಯಾರೂ ಏನೂ ಮಾಡದಿದ್ದರೆ ಹೆರಿಗೆಯ ಹೊತ್ತಿಗೆ ಅಪಾಯ ಹೆಚ್ಚುತ್ತದೆ. ಅದು ಹಾಗೆ ಆಗದಂತೆ ನೀವು ಒಂದು ಕ್ರಮ ಕೈಗೊಳ್ಳುತ್ತೀರಿ. ಕ್ರಮ ಎಂದರೆ ಮಾತ್ರೆ ಮಾತ್ರವಲ್ಲ. ಮಾತ್ರೆ ಅವಳ ಹೊಟ್ಟೆ ಸೇರುವವರೆಗೆ ನೀವು ಮಾಡುವ ಎಲ್ಲವೂ ಕ್ರಮವೇ. ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಮಾಡಿದ ಮೇಲೆ ರಕ್ತ ಏರಿತೇ ಎಂದು ಪರೀಕ್ಷೆಯ ಚೀಟಿ ನೋಡಿ. ಏರದಿದ್ದರೆ ಅವಳನ್ನು ಗದರಬೇಡಿ, ಪಕ್ಕದಲ್ಲಿ ಕುಳಿತು ಕೇಳಿ.’

ಅಂಗನವಾಡಿ ಟೀಚರ್, 27 ವರ್ಷ

ಓದಿದೆ ಮೇಡಂ, ಅರ್ಥವಾಯಿತು. ನಮ್ಮ ಸಹಾಯಕಿಗೂ ಓದಿ ಹೇಳಿದೆ, ಅವಳಿಗೂ ಅರ್ಥವಾಯಿತು. ಒಂದು ಕೋರಿಕೆ ಇದೆ. ಮನೆ ಭೇಟಿಯ ನಮೂನೆ ಕೊನೆಯ ಪುಟದಲ್ಲಿ ಇರುತ್ತದಲ್ಲವೇ, ಅದರಲ್ಲಿ ‘ಭೇಟಿಯ ವೇಳೆ ಮನೆಯಲ್ಲಿ ಯಾರು ಯಾರಿದ್ದರು’ ಎಂದು ಒಂದು ಕಾಲಂ ಹಾಕಿಸಿ. ‘ಎಷ್ಟು ಹೊತ್ತು ಕುಳಿತಿರಿ’ ಎಂದು ಇನ್ನೊಂದು.

ಹೇಮಾವತಿ ತೀರ

ಎರಡೂ ಕಾಲಂ ಹಾಕಿದ್ದೇನೆ ಟೀಚರ್. ಮಂಗಳವಾರ ಮತ್ತೆ ತರಬೇತಿ ಇದೆ. ಮುಂದಿನ ಸಾಲಿನ ಆ ಕಾರ್ಯಕರ್ತೆಯ ಕೈಗೇ ಕೊಟ್ಟು ಓದಿಸುತ್ತೇನೆ.